ಬರೆಯದೆ ಉಳಿದ ಹೆಸರುಗಳು
(ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ನಾವು ಮೊದಲು ಬಿಚ್ಚಿ ನೋಡುವುದು ಅದರ ದಾಖಲೆ ಪುಸ್ತಕಗಳನ್ನು. ಜ್ಞಾನಸ್ನಾನ, ವಿವಾಹ, ಮರಣಗಳನ್ನು ಬರೆದಿಟ್ಟ ಆ ಹಾಳೆಗಳಲ್ಲಿ ಹೊಲದೊಡೆಯನ ಮಗುವಿಗೂ ಕೂಲಿಯವನ ಮಗುವಿಗೂ ಒಂದೊಂದೇ ಸಾಲು. ಬರೆದಿಟ್ಟದ್ದರಿಂದಲೇ ಅವರು ಬಾಳಿ ಹೋದರೆಂಬುದು ಇಂದು ನಮಗೆ ತಿಳಿಯುತ್ತದೆ. ಯಾರ ಹೆಸರು ಬರೆಯಲ್ಪಟ್ಟಿತು, ಯಾರ ಹೆಸರು ಬಿಟ್ಟುಹೋಯಿತು ಎಂಬ ಪ್ರಶ್ನೆಯನ್ನೇ ಹಿಡಿದು, ನಮ್ಮ ಸೀಮೆಯ ಮಳೆ, ಹೊಳೆ, ಬರಗಳನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಬೆಳಗಾವಿ ಜಿಲ್ಲೆಯ ಉತ್ತರದ ಈ ಐದು ತಾಲೂಕುಗಳಿಗೆ ಕೃಷ್ಣೆಯೂ ಅವಳನ್ನು ಕೂಡುವ ದೂಧಗಂಗಾ, ವೇದಗಂಗಾ ಹೊಳೆಗಳೂ ಜೀವಾಧಾರ. ಅದೇ ಹೊಳೆಗಳು 2005, 2019, 2021ರಲ್ಲಿ ಮಹಾಪೂರವಾಗಿ ಬಂದವು. 2019ನೆಯ ವರ್ಷವನ್ನಂತೂ ಯಾರೂ ಮರೆಯಲಾರರು. ಆ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿತು. ನೀರು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ಆಗಸ್ಟ್ ತಿಂಗಳಲ್ಲಿ ಘಟ್ಟದ ಮಳೆಯೂ ಮೇಲಿನ ಜಲಾಶಯಗಳಿಂದ ಬಿಟ್ಟ ನೀರೂ ಕೂಡಿ ಊರೊಳಗೆ ನುಗ್ಗಿದವು. ಕೊಡ ಹಿಡಿದು ನೀರಿಗಾಗಿ ಅಲೆದ ತಾಯಂದಿರೇ ಮಕ್ಕಳನ್ನೆತ್ತಿಕೊಂಡು ನೀರಿನಿಂದ ಓಡಬೇಕಾಯಿತು.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆಂದು ವಿಜ್ಞಾನ ಹೇಳುತ್ತದೆ. ಆದುದರಿಂದ ಸುರಿದರೆ ಒಮ್ಮೆಗೇ ಸುರಿಯುವ, ಇಲ್ಲವಾದರೆ ಬಹುದಿನ ಮುನಿಯುವ ಮಳೆಗೆ ನಾವು ಸಿದ್ಧರಾಗಬೇಕಾಗಿದೆ. ಈ ಸಿದ್ಧತೆಗಾಗಿ ದೇಶವು 2008ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಆ ಬಳಿಕ ನಮ್ಮ ರಾಜ್ಯವೂ ತನ್ನದನ್ನು ರೂಪಿಸಿತು. ಆದರೆ ರಾಜಧಾನಿಯಲ್ಲಿ ಬರೆದ ಯೋಜನೆ ನಮ್ಮ ಓಣಿಗೆ ಹೊಂದುವುದು ಹೇಗೆ?

ಅಥಣಿಯನ್ನೇ ನೋಡಿರಿ. ಹೊಳೆಸಾಲಿನ ಗ್ರಾಮಗಳಿಗೆ ಪೂರದ ಭಯ. ಅದೇ ತಾಲೂಕಿನ ಹೊಳೆಯಿಂದ ದೂರದ ಮಡ್ಡಿ ಊರುಗಳಿಗೆ ಬರದ ಭಯ. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದರೆ, ಕಾಗದದ ಮೇಲೆ ತಾಲೂಕಿನಲ್ಲಿ ತಕ್ಕಷ್ಟು ಮಳೆಯಾಗಿರುತ್ತದೆ! ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿರುವುದು ದೊಡ್ಡ ಉಪಕಾರವೇ ಸರಿ. ಆದರೆ ಮಳೆಮಾಪಕವು ಎಷ್ಟು ಮಿಲಿಮೀಟರು ಬಿತ್ತೆಂದು ಹೇಳೀತೇ ಹೊರತು, ಯಾರ ಮನೆಯ ಗೋಡೆ ಮಣ್ಣಿನದು, ಯಾರ ಮನೆಯಲ್ಲಿ ಎದ್ದು ನಡೆಯಲಾರದ ವೃದ್ಧೆ ಮಲಗಿದ್ದಾಳೆ ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲವರು ಆ ಓಣಿಯ ಜನರೇ.

ಸಮೀಕ್ಷೆ ನಡೆದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2019ರ ಪೂರ ಇಳಿದ ಬಳಿಕ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ನೀಡುವ ವ್ಯವಸ್ಥೆಯಾಯಿತು. ಅದು ಅಗತ್ಯವಾದ ಕಾರ್ಯವೇ. ಆದರೆ ಆ ಪಂಚನಾಮೆ ಎಣಿಸಿದ್ದು ಬಿದ್ದ ಗೋಡೆಗಳನ್ನು. ಬಾಡಿಗೆಗೆ ಇದ್ದವರು, ತೀರಿಕೊಂಡ ತಂದೆಯ ಹೆಸರಿನಲ್ಲೇ ಮನೆ ಉಳಿದಿರುವವರು, ಕಾಗದಪತ್ರವಿಲ್ಲದೆ ಗುಡಿಸಲು ಹಾಕಿಕೊಂಡವರು ಇಂಥ ಎಣಿಕೆಯಿಂದ ಸುಲಭವಾಗಿ ಜಾರಿಹೋಗುತ್ತಾರೆ. ಪೂರದ ದಿನಗಳಲ್ಲಿ ಕೂಲಿ ಕಳೆದುಕೊಂಡ ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮನೆಯ ಗೋಡೆ ಬಿದ್ದಿರಲಿಕ್ಕಿಲ್ಲ. ಒಲೆ ಮಾತ್ರ ಆರಿರುತ್ತದೆ. ಅದು ಯಾವ ವರ್ಗ?

ಕೇಳದೆ ಮಾಡಿದ ಉಪಕಾರದ ಪರಿಣಾಮವನ್ನೂ ನಾವು ಕಂಡಿದ್ದೇವೆ. 2009ರ ಮಹಾಪೂರದ ತರುವಾಯ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಸಾವಿರಾರು ಮನೆಗಳು ಎದ್ದವು. ದಾನಿಗಳ ಮನಸ್ಸು ದೊಡ್ಡದಿತ್ತು. ಆದರೂ ಹಲವೆಡೆ ಜನ ಅಲ್ಲಿಗೆ ಹೋಗಲಿಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲವಾಯಿತು. ಕಟ್ಟುವ ಮುನ್ನ ಮನೆ ಮನೆಗೆ ಹೋಗಿ, ‘ನಿಮ್ಮ ಎಮ್ಮೆಯನ್ನು ಎಲ್ಲಿ ಕಟ್ಟುವಿರಿ?’ ಎಂದು ಕೇಳಿದ್ದರೆ ಬಹಳ ಹಣ ಉಳಿಯುತ್ತಿತ್ತು.

ಆದಕಾರಣ ಸಮೀಕ್ಷೆಯು ಆಪತ್ತಿನ ಬಳಿಕವಲ್ಲ, ಮುಂಚೆಯೇ ನಡೆಯಬೇಕು. ನೀರು ಮೊದಲು ಯಾವ ಓಣಿಗೆ ಬರುತ್ತದೆ? ಕಲ್ಲೋಳ–ಯಡೂರ ಸೇತುವೆಯಂಥದು ಮುಳುಗಿದಾಗ ಗರ್ಭಿಣಿಯನ್ನು ಯಾವ ದಾರಿಯಿಂದ ಕರೆದೊಯ್ಯುವಿರಿ? ತೋಟದ ವಸತಿಯಲ್ಲಿರುವವರಿಗೆ ಎಚ್ಚರಿಕೆ ತಲುಪಿಸುವವರಾರು? ಬೇಸಿಗೆಯಲ್ಲಿ ಯಾವ ಕೊಳವೆಬಾವಿ ಮೊದಲು ಬತ್ತುತ್ತದೆ? ಕಬ್ಬಿಗೆ ಮಿತಿಮೀರಿ ನೀರುಣಿಸಿ ಎಷ್ಟು ಎರೆಭೂಮಿ ಸವಳು–ಜವಳಾಯಿತು? ಈ ಪ್ರಶ್ನೆಗಳನ್ನು ಗಂಡಸರಿಗಷ್ಟೇ ಅಲ್ಲ, ನೀರು ಹೊರುವ ಹೆಂಗಸರಿಗೂ, ಜಮೀನಿಲ್ಲದವರಿಗೂ ಕೇಳಬೇಕು.

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, ಕೃಷಿವಿಜ್ಞಾನಿ ಹೆರಾಲ್ಡ್ ಮ್ಯಾನ್‌ರವರು ಪುಣೆಯ ಬಳಿಯ ಒಂದು ಹಳ್ಳಿಯ ಭೂಮಿ ಮತ್ತು ದುಡಿಮೆಯನ್ನು ಪರಿಶೀಲಿಸಿ 1917ರಲ್ಲಿ ಗ್ರಂಥ ಪ್ರಕಟಿಸಿದರು. 2002ರ ಜೀವವೈವಿಧ್ಯ ಕಾಯಿದೆಯು ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಊರವರೇ ಹೇಳಿ ಬರೆಸುವ ಜನತಾ ದಾಖಲೆಗೆ ದಾರಿ ಮಾಡಿತು. ಗಿಡಮರಗಳನ್ನು ಹಾಗೆ ಬರೆಯಬಹುದಾದರೆ, ಆಪತ್ತಿನಲ್ಲಿರುವ ಮನುಷ್ಯರನ್ನು ಬರೆಯಲಾಗದೇ?

ಸಮೀಕ್ಷೆಗೆ ಮಿತಿಯೂ ಉಂಟು. ಮೇಲಿನ ಜಲಾಶಯದಿಂದ ಎಷ್ಟು ನೀರು ಬಿಡಬೇಕೆಂಬುದನ್ನು ನಮ್ಮ ಗ್ರಾಮಸಭೆ ನಿರ್ಧರಿಸಲಾರದು. ಅದು ಎರಡು ಸರಕಾರಗಳ ಮಾತು. ಆದರೆ ಆಶ್ರಯಕೇಂದ್ರ ಎಲ್ಲಿರಬೇಕು, ಯಾವ ರಸ್ತೆ ಎತ್ತರವಾಗಬೇಕು, ಮೇವಿನ ದಾಸ್ತಾನು ಎಲ್ಲಿ ಬೇಕು ಎಂಬುದು ನಮ್ಮ ಪಂಚಾಯಿತಿಯ ಯೋಜನೆಯಲ್ಲಿ ಸೇರಬಲ್ಲದು. ಇನ್ನೊಂದು ಮಾತು: ಕೇಳಿಕೊಂಡು ಹೋದವರು ಮರಳಿ ಬರದಿದ್ದರೆ ಜನ ಬೇಸತ್ತು ಬಾಗಿಲು ಮುಚ್ಚುತ್ತಾರೆ. ಆದುದರಿಂದ ಬರೆದುಕೊಂಡದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಯಾವುದು ಆಗುತ್ತದೆ, ಯಾವುದು ಆಗದು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಬಂಧುಗಳೇ, ನಮ್ಮ ಯುವಕ ಯುವತಿಯರು ಓದಬಲ್ಲವರು, ಬರೆಯಬಲ್ಲವರು. ಮುಂದಿನ ಮುಂಗಾರಿಗೆ ಮುನ್ನ ಒಂದು ವಹಿಯನ್ನು ಹಿಡಿದು, ಜಾತಿಮತಗಳ ಭೇದವಿಲ್ಲದೆ ತಮ್ಮ ಓಣಿಯ ಪ್ರತಿಯೊಂದು ಬಾಗಿಲಿಗೂ ಅವರು ಹೋಗಲಿ. ಬರೆದುದನ್ನು ಪಂಚಾಯಿತಿಗೆ ಒಪ್ಪಿಸಲಿ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಬಡವನಿಗೂ ಒಂದು ಸಾಲು ಮೀಸಲಿಟ್ಟರು. ಇಂದು ನೀರಿನ ದಾರಿಯಲ್ಲಿ ಮನೆ ಮಾಡಿಕೊಂಡಿರುವವನಿಗೆ ಆ ಒಂದು ಸಾಲನ್ನು ಕೊಡುವುದು ನಮ್ಮ ಪಾಲಿನ ಕೆಲಸ.