ಮೂಲಪ್ರತಿ ಕೆಡದಿರಲಿ

ಗ್ರಂಥಸಂಪಾದನೆಯ ಕ್ರಮವನ್ನು ತಾವು ಕೇಳಿರಬಹುದು. ಓಲೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನಕಲು ಮಾಡುವುದು. ಪಾಠಾಂತರಗಳನ್ನು ಅಡಿಯಲ್ಲಿ ಗುರುತಿಸುವುದು. ತಿದ್ದುವುದೇನಿದ್ದರೂ ನಕಲಿನಲ್ಲಿ, ಓಲೆಯ ಮೇಲೆ ಕೈಯಾಡಿಸುವಂತಿಲ್ಲ.

ಇಂದು ಈ ಕೆಲಸ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಓಲೆಯ ಸ್ಥಾನದಲ್ಲಿ ಅದರ ಛಾಯಾಚಿತ್ರವಿರುತ್ತದೆ. ಬರೆಯಲು, ತಿದ್ದಲು ಬಳಸುವ ಸಾಧನಕ್ಕೆ ಟೆಕ್ಸ್ಟ್ ಎಡಿಟರ್ ಎಂದು ಹೆಸರು. ಚಿತ್ರವನ್ನೂ ಅದರೊಳಗೇ ತೋರಿಸುವ ಉಪಾಂಗವೊಂದಿದ್ದರೆ, ಒಂದು ಮಗ್ಗುಲಲ್ಲಿ ಓಲೆ, ಇನ್ನೊಂದರಲ್ಲಿ ನಕಲು. ಇಂಥ ಉಪಾಂಗವನ್ನು ಸುಧಾರಿಸಲು ಹೊರಟವರು ಮೊದಲು ಯಾವುದನ್ನು ಯೋಚಿಸಬೇಕು?

ಒಂದು ನಿದರ್ಶನ ನೋಡೋಣ. ರಿಚರ್ಡ್ ಸ್ಟಾಲ್ಮನ್ ಅವರು 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸ್ ಎಂಬ ಎಡಿಟರಿಗೆ, 2007ರ 22ನೆಯ ಆವೃತ್ತಿಯಲ್ಲಿ, ಇಮೇಜ್-ಡೈರೆಡ್ ಎಂಬ ಉಪಾಂಗ ಸೇರಿತು. ಕಡತಗಳ ಸಾಲಿನಲ್ಲಿರುವ ಚಿತ್ರಗಳನ್ನು ಇದು ಕಿರುರೂಪದಲ್ಲಿ ಜೋಡಿಸಿ ತೋರಿಸುತ್ತದೆ. ಬೇಕಾದುದನ್ನು ದೊಡ್ಡದಾಗಿ ತೆರೆಯುತ್ತದೆ. ಹಿಂದೆ ಹೀಗೆ ತೆರೆಯುವಾಗ ಹೊರಗಿನ ಬೇರೊಂದು ಸಾಧನದಿಂದ ಚಿತ್ರವನ್ನು ಪರದೆಯ ಅಳತೆಗೆ ಮಾರ್ಪಡಿಸಬೇಕಾಗಿತ್ತು. 2023ರ 29ನೆಯ ಆವೃತ್ತಿಯಲ್ಲಿ ಆ ಸುತ್ತುದಾರಿಯನ್ನು ಬಿಟ್ಟು, ಎಡಿಟರಿಗೇ ಇದ್ದ ಚಿತ್ರ ತೋರಿಸುವ ಶಕ್ತಿಯನ್ನು ಬಳಸಿಕೊಂಡರು. ಕೆಲಸ ಚುರುಕಾಯಿತು. ಹೊಸದೊಂದನ್ನು ಸೇರಿಸಿದ್ದರಿಂದಲ್ಲ, ಬೇಡದುದನ್ನು ತೆಗೆದದ್ದರಿಂದ ಆದ ಸುಧಾರಣೆ ಇದು.

ವೇಗಕ್ಕಿಂತಲೂ ದೊಡ್ಡ ಮಾತೊಂದಿದೆ. ಅಡ್ಡಲಾಗಿ ತೆಗೆದ ಚಿತ್ರವನ್ನು ತಿರುಗಿಸಿ ನೋಡುವುದು ಬೇರೆ, ಚಿತ್ರದ ಕಡತವನ್ನೇ ತಿರುಗಿಸಿಡುವುದು ಬೇರೆ. ಮೊದಲನೆಯದು ಪುಸ್ತಕವನ್ನು ಹೊರಳಿಸಿ ಹಿಡಿದಂತೆ. ಎರಡನೆಯದು ಪುಟವನ್ನೇ ಕಿತ್ತು ಮತ್ತೆ ಹೊಲಿದಂತೆ. ಮೂಲ ಕಡತದ ಮೇಲೆ ಬರೆಯುವ ಮುನ್ನ ಇಮೇಜ್-ಡೈರೆಡ್ ಒಪ್ಪಿಗೆ ಕೇಳುತ್ತದೆ. ಎಷ್ಟೇ ಸುಧಾರಣೆಯಾದರೂ ಈ ಪ್ರಶ್ನೆಯನ್ನು ಅವಸರದವರ ಸಲುವಾಗಿ ಕೈಬಿಡಬಾರದು.

ಚಿತ್ರಕ್ಕೆ ಬರೆದ ಟಿಪ್ಪಣಿಗಳನ್ನೂ ಈ ಉಪಾಂಗ ಚಿತ್ರದೊಳಗೆ ತುರುಕದೆ ಪ್ರತ್ಯೇಕ ಕಡತದಲ್ಲಿಡುತ್ತದೆ. ನಮ್ಮ ಅಡಿಟಿಪ್ಪಣಿಯ ಕ್ರಮವೇ ಇದು! ಆದರೆ ಟಿಪ್ಪಣಿಗೂ ಚಿತ್ರಕ್ಕೂ ಇರುವ ನಂಟು ಕಡತದ ಹೆಸರಿನದು. ಬೇರೆ ಕಡೆಯಿಂದ ಯಾರಾದರೂ ಆ ಹೆಸರನ್ನು ಬದಲಾಯಿಸಿದರೆ ಟಿಪ್ಪಣಿ ಅನಾಥವಾಗುತ್ತದೆ. ಯಾವ ಓಲೆಯ ಯಾವ ಸಾಲಿಗೆ ಬರೆದದ್ದೆಂದು ತಿಳಿಯದ ಟಿಪ್ಪಣಿಯಿಂದ ಪ್ರಯೋಜನವೇನು? ಆದ್ದರಿಂದ ಹೆಸರು ಬದಲಾದರೂ ಟಿಪ್ಪಣಿ ಚಿತ್ರವನ್ನು ಬಿಡದಂತೆ ಮಾಡುವುದು ಸುಧಾರಣೆಯ ಪಟ್ಟಿಯಲ್ಲಿ ಬಣ್ಣ, ಅಲಂಕಾರಗಳಿಗಿಂತ ಮೇಲೆ ಬರಬೇಕು.

ಓಲೆ ಹುಳು ತಿಂದು ಪುಡಿಯಾದ ಮೇಲೆ ಅದರ ಚಿತ್ರವೇ ಮೂಲಪ್ರತಿ. ಅದು ಕೆಟ್ಟರೆ ಮತ್ತೆ ಹೋಗಿ ನೋಡಲು ಇನ್ನೊಂದಿಲ್ಲ. ಅಂಥ ಚಿತ್ರ ತಮ್ಮ ಮನೆಯಲ್ಲಿಯೂ ಇರಬಹುದು: ತಾತನವರ ಕೈಬರಹದ್ದೋ ಹಳೆಯ ಪತ್ರದ್ದೋ. ಯಾವ ಸಾಧನದಲ್ಲಿ ತೆರೆದರೂ ಮೊದಲೊಂದು ನಕಲನ್ನು ಬೇರೆ ಕಡೆ ತೆಗೆದಿಡಿ; ನೋಡುವುದು, ತಿರುಗಿಸುವುದು ಆಮೇಲಾಗಲಿ.