ನಾಲ್ಕು ಚಕ್ರ, ಒಂದು ಗುರುತ್ವ ಕೇಂದ್ರ



ಮರಳುದಿಬ್ಬ, ಗುಡ್ಡಗಳಲ್ಲಿ ಓಡುವ ಮೂರು ಚಕ್ರದ ಮೋಟಾರು ಗಾಡಿಗಳ ಮಾರಾಟವನ್ನು ಅಮೆರಿಕದಲ್ಲಿ 1988ರಲ್ಲಿ ನಿಲ್ಲಿಸಲಾಯಿತು. ಅವು ಮಗುಚಿ ಸತ್ತವರಲ್ಲಿ ನಿಮ್ಮ ವಯಸ್ಸಿನವರೂ ಬಹಳ ಮಂದಿ. ನಾಲ್ಕು ಚಕ್ರದ ಕ್ವಾಡ್ ಬೈಕು ಉಳಿಯಿತು. ಚಕ್ರ ಹೆಚ್ಚಿದ ಮಾತ್ರಕ್ಕೆ ಅಪಾಯ ತಪ್ಪಿತೆ? ಇಲ್ಲ.

ಕಡಿದಾದ ಏರಿನಲ್ಲಿ, ಗಾಡಿ ಮತ್ತು ಸವಾರ ಸೇರಿದ ಗುರುತ್ವ ಕೇಂದ್ರದಿಂದ ಒಂದು ತೂಗುಗುಂಡನ್ನು ಇಳಿಬಿಟ್ಟಿದ್ದೀರಿ ಎಂದು ಭಾವಿಸಿ. ಅದು ಹಿಂದಿನ ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಹಿಂದೆ ಬಿದ್ದರೆ, ಗಾಡಿ ಸವಾರನ ಮೇಲೆಯೇ ಮಗುಚುತ್ತದೆ. ಆದ್ದರಿಂದ ಸವಾರ ಮುಂದಕ್ಕೆ ಬಾಗಬೇಕು. ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿದರೆ ಗಾಡಿಯ ಮೂತಿ ಮೇಲೇಳುತ್ತದೆ. ಒಂದೇ ಸಮನೆ ಒತ್ತಬೇಕು. ಗಾಡಿ ಹಿಂದಕ್ಕೆ ಜಾರತೊಡಗಿದರೆ ಹಿಂದಿನ ಬ್ರೇಕನ್ನು ಥಟ್ಟನೆ ತುಳಿಯಬಾರದು. ಮುಂದಿನ ಬ್ರೇಕನ್ನು ಹಿಡಿಯಬೇಕು.

ಇನ್ನು ಜಿಗಿತ. ಗಾಳಿಯಲ್ಲಿರುವಾಗ ಕೋನೀಯ ಸಂವೇಗ ಬದಲಾಗದು. ಚಕ್ರದ ವೇಗ ಹೆಚ್ಚಿಸಿದರೆ ಗಾಡಿಯ ಮೈ ವಿರುದ್ಧ ದಿಕ್ಕಿಗೆ ತಿರುಗಿ ಮೂತಿ ಏಳುತ್ತದೆ. ಹಿಂದಿನ ಬ್ರೇಕು ಒತ್ತಿದರೆ ಮೂತಿ ಇಳಿಯುತ್ತದೆ.

1 ಮೀಟರು ಎತ್ತರದಿಂದ ಬಿದ್ದ ಗಾಡಿ ಸೆಕೆಂಡಿಗೆ ಸುಮಾರು 4.4 ಮೀಟರು ವೇಗದಲ್ಲಿ ನೆಲ ಮುಟ್ಟುತ್ತದೆ. ದೇಹ 5 ಸೆಂಟಿಮೀಟರಿನಲ್ಲಿ ನಿಂತರೆ, ಅದನ್ನು ನಿಲ್ಲಿಸುವ ಸರಾಸರಿ ನಿವ್ವಳ ಬಲ ತೂಕದ 20 ಪಟ್ಟು. 50 ಸೆಂಟಿಮೀಟರಿನಲ್ಲಿ ನಿಂತರೆ ಎರಡೇ ಪಟ್ಟು. ಸವಾರ ಎದ್ದು ನಿಂತು ಮೊಣಕಾಲು ಮಡಿಸುವುದು ಈ ಅಂತರಕ್ಕಾಗಿಯೇ. ಸೈಕಲ್ಲಿನಲ್ಲಿ ಗುಂಡಿ ದಾಟುವಾಗ ನೀವೂ ಸೀಟಿನಿಂದ ಏಳುತ್ತೀರಲ್ಲವೆ?

ಲೆಕ್ಕ ತಿಳಿದರೂ ಹೆಲ್ಮೆಟ್ ಬೇಕು, ತರಬೇತುದಾರರು ಬೇಕು. ಆಚೆ ಬದಿ ಏನಿದೆಯೆಂದು ತಿಳಿಯದ ದಿಬ್ಬವನ್ನು ಎಂದೂ ಹಾರಬೇಡಿ.