ನೆಲದ ಮೇಲೆ ಕುಳಿತು ಕಲಿಸುವವರ ಉಡುಪು

(ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶಾಲೆಯ ವಿಷಯ ಪಂಚಾಯಿತಿ ಸಭೆಯ ಮುಂದೆ ಬಂದಾಗ ಕಟ್ಟಡ, ಕಾಂಪೌಂಡು, ಕುಡಿಯುವ ನೀರು, ಶೌಚಾಲಯಗಳ ಚರ್ಚೆ ನಡೆಯುತ್ತದೆ. ಶಿಕ್ಷಕಿಯ ಉಡುಪಿನ ಚರ್ಚೆ ನಡೆಯುವುದು ಸಭೆಯ ಹೊರಗೆ, ಬಸ್ ನಿಲ್ದಾಣದಲ್ಲಿ, ಅರಳಿಕಟ್ಟೆಯ ಮೇಲೆ. ‘ಟೀಚರಮ್ಮ ಸೀರೆ ಉಟ್ಟುಕೊಂಡು ಬರಬಾರದೇ?’ ಎಂಬ ಮಾತು ಲಘುವಾಗಿ ಕಾಣಬಹುದು. ಆದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವವರ ಮಟ್ಟಿಗೆ ಆ ಮಾತಿನ ಪೆಟ್ಟು ಬೀಳುವುದು ಮಗುವಿನ ಪಾಠದ ಮೇಲೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಅವರ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ತೀವ್ರ ಹಾಗೂ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಕಲಿಯುವ ಆಯ್ಕೆಯನ್ನೂ ಒದಗಿಸಿತು. ಹೀಗಾಗಿ ಈ ಕೆಲಸ ಶಿವಮೊಗ್ಗ ನಗರದ ಹಾಗೂ ಭದ್ರಾವತಿಯ ವಿಶೇಷ ಶಾಲೆಗಳ ಒಳಗೆ ಮಾತ್ರ ನಡೆಯುವುದಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬಸ್ಸಿನಲ್ಲಿಯೋ ಸ್ಕೂಟರಿನಲ್ಲಿಯೋ ಹೊರಟ ಸಂಪನ್ಮೂಲ ಶಿಕ್ಷಕಿ, ಹಳ್ಳಿಯ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ಅದೇ ಕೆಲಸ ಮಾಡುತ್ತಾರೆ. ಸದಸ್ಯರ ವ್ಯಾಪ್ತಿಗೆ ಬರುವುದು ಮುಖ್ಯವಾಗಿ ಈ ಎರಡನೆಯ ಕೆಲಸ.

ಸಾಮಾನ್ಯ ತರಗತಿಯ ಶಿಕ್ಷಕರು ಹೆಚ್ಚಾಗಿ ನಿಂತು ಕಲಿಸುತ್ತಾರೆ. ವಿಶೇಷ ಶಿಕ್ಷಕರು ಮಗುವಿರುವ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಮೆದುಳು ಪಾರ್ಶ್ವವಾಯುವಿರುವ ಮಗುವನ್ನು ಬೆನ್ನಿಗೆ ಆನಿಸಿಕೊಂಡು ಕೂರಿಸುವುದು, ಗಾಲಿಕುರ್ಚಿಯಿಂದ ಇಳಿಸುವುದು, ಜೊಲ್ಲು ಒರೆಸುವುದು, ಊಟ ಮಾಡುವುದನ್ನು ಕಲಿಸುವುದು, ಶೌಚಕ್ಕೆ ಕರೆದೊಯ್ಯುವುದು, ಇದ್ದಕ್ಕಿದ್ದಂತೆ ಬಾಗಿಲತ್ತ ಓಡಿದ ಮಗುವಿನ ಹಿಂದೆ ಓಡುವುದು ಎಲ್ಲವೂ ಪಾಠದ ಭಾಗಗಳೇ. ನೆರಿಗೆ ಕಾಲಿಗೆ ಸಿಕ್ಕರೆ ಶಿಕ್ಷಕಿ ಒಬ್ಬರೇ ಬೀಳುವುದಿಲ್ಲ, ತೋಳಿನಲ್ಲಿರುವ ಮಗುವೂ ಬೀಳುತ್ತದೆ. ಸೆರಗಿಗೆ ಚುಚ್ಚಿದ ಪಿನ್ನು ಎದೆಗೊರಗಿದ ಮಗುವಿನ ಕೆನ್ನೆಗೆ ತಾಗುತ್ತದೆ. ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದೆಳೆಯುವ ಮಗುವಿಗೆ ದುಪ್ಪಟ್ಟ, ಸರ, ಜೋತಾಡುವ ಓಲೆ, ಕೊರಳಿನ ಗುರುತಿನ ಚೀಟಿಯ ದಾರ ಎಲ್ಲವೂ ಒಂದೇ. ದಾರ ಎಳೆದೊಡನೆ ಬಿಟ್ಟುಕೊಳ್ಳುವಂತಿರಬೇಕು, ಇಲ್ಲವೇ ಚೀಟಿಯನ್ನು ಜೇಬಿಗೆ ಸಿಕ್ಕಿಸಿಕೊಳ್ಳಬೇಕು. ಸೀರೆಗೆ ಜೇಬು ಇಲ್ಲವೆಂಬುದು ಸಣ್ಣ ಮಾತಲ್ಲ: ಒರೆಸುವ ಬಟ್ಟೆ, ಚಿತ್ರಪಟ್ಟಿ, ಮೊಬೈಲು ಮೂರೂ ಕೈಗೆಟುಕುವಂತಿರಬೇಕು.

ಎಲ್ಲ ಮಕ್ಕಳಿಗೂ ಒಂದೇ ನಿಯಮ ಒಗ್ಗುವುದಿಲ್ಲ. ಶ್ರವಣದೋಷವುಳ್ಳ ಮಗು ಶಿಕ್ಷಕಿಯ ಕೈ ಮತ್ತು ತುಟಿಗಳನ್ನು ನೋಡಿ ಕಲಿಯುತ್ತದೆ. ಹಿಂದೆ ದೊಡ್ಡ ಹೂಬಳ್ಳಿಯ ಬಟ್ಟೆಯಿದ್ದರೆ ಬೆರಳಿನ ಸನ್ನೆ ಅದರಲ್ಲಿ ಕರಗಿಹೋಗುತ್ತದೆ. ಮೈಬಣ್ಣಕ್ಕಿಂತ ಬೇರೆಯಾಗಿ ಕಾಣುವ ಒಂದೇ ಬಣ್ಣದ ಮೇಲುಡುಪು ಅಲ್ಲಿ ಕಪ್ಪುಹಲಗೆಯಷ್ಟೇ ಉಪಯುಕ್ತ. ಆಟಿಸಂ ಇರುವ ಕೆಲವು ಮಕ್ಕಳಿಗೆ ಮಿನುಗುವ ಜರಿ, ಬಳೆಯ ಸದ್ದು, ಸೆಂಟಿನ ಘಾಟು, ಮುಡಿದ ಮಲ್ಲಿಗೆಯ ಪರಿಮಳವೂ ತಡೆಯಲಾಗದ ಹಿಂಸೆಯಾಗಬಹುದು. ಆದರೆ ದೃಷ್ಟಿಯಿಲ್ಲದ ಮಗುವಿಗೆ ಅದೇ ಬಳೆಯ ಸದ್ದೇ ಟೀಚರ್ ಬಂದರೆಂಬ ಸುದ್ದಿ. ಆದ್ದರಿಂದ ‘ಬಳೆ ತೊಡಬೇಡಿ’ ಎಂಬ ಒಂದು ಸಾಲಿನ ಆದೇಶವೂ ‘ಸೀರೆ ಉಡಿ’ ಎಂಬ ಆದೇಶದಷ್ಟೇ ಕುರುಡು. ಯಾವ ಮಗುವಿಗೆ ಯಾವುದು ಹಿತವೆಂಬುದನ್ನು ಶಿಕ್ಷಕರ ವಿವೇಕಕ್ಕೆ ಬಿಡುವುದೇ ಲೇಸು.

ಶಿಕ್ಷಕರ ಉಡುಪಿನ ಬಗ್ಗೆ ಬೇರೆ ರಾಜ್ಯಗಳು ಆಗಾಗ ಆದೇಶ ಹೊರಡಿಸಿವೆ. ಅಸ್ಸಾಂ 2023ರಲ್ಲಿ, ಮಹಾರಾಷ್ಟ್ರ 2024ರಲ್ಲಿ ಜೀನ್ಸ್, ಟೀ ಶರ್ಟುಗಳನ್ನು ಶಾಲೆಯಿಂದ ದೂರವಿರಿಸಿದವು. ಕೇರಳದ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರಿನಲ್ಲಿ, ಸೀರೆಯನ್ನೇ ಉಡಬೇಕೆಂದು ಅಧ್ಯಾಪಕಿಯರನ್ನು ಒತ್ತಾಯಿಸಬಾರದೆಂದು ಸ್ಪಷ್ಟಪಡಿಸಿತು. ಒಂದು ಬಿಗಿಯಿತು, ಇನ್ನೊಂದು ಸಡಿಲಿಸಿತು. ಎರಡೂ ಕಡೆ ವಾದ ನಡೆದದ್ದು ಗೌರವವನ್ನು ಕುರಿತು. ನೆಲದ ಮೇಲೆ ಕೂರುವ ಶಿಕ್ಷಕಿಯ ಮೊಣಕಾಲನ್ನು ಕುರಿತು ಅಲ್ಲ. ಮಹಾರಾಷ್ಟ್ರದ ಆದೇಶದಲ್ಲಿ ಚೂಡಿದಾರದ ಜೊತೆಗೆ ದುಪ್ಪಟ್ಟವೂ ಸೇರಿದೆ. ಹಿಡಿದೆಳೆಯುವ ಮಗುವಿನ ಮುಂದೆ ಕೂರುವವರಿಗೆ ಅದು ಕೊರಳಿಗೇ ಕುತ್ತಾಗಬಹುದು.

ಹಾಗೆಂದು ಮನೆಯ ನೈಟಿಯೋ ಆಟದ ಮೈದಾನದ ಚಡ್ಡಿಯೋ ಸಾಕೆಂದಲ್ಲ. ಈ ಶಿಕ್ಷಕರು ತಾಯ್ತಂದೆಯರೊಡನೆ, ವೈದ್ಯರೊಡನೆ, ಅಧಿಕಾರಿಗಳೊಡನೆ ಮಾತನಾಡಬೇಕಾದವರು. ಇವರನ್ನು ಆಯಾ ಎಂದು ತಿಳಿಯುವ ಜನ ಈಗಲೂ ಇದ್ದಾರೆ. ಮೊಣಕಾಲು ಮುಚ್ಚುವ, ಇಕ್ಕೆಲಗಳಲ್ಲಿ ಸೀಳಿರುವ, ಬಗ್ಗಿದರೂ ಜಾರದ ಕತ್ತಿನ, ಮೊಣಕೈ ದಾಟಿದ ತೋಳಿನ ಕುರ್ತಾ. ಅದಕ್ಕೆ ಆಳವಾದ ಎರಡು ಜೇಬು. ಅಗಲ ಬುಡದ ಪೈಜಾಮ. ಮೇಲೆ ಬೆನ್ನಿನ ಬಳಿ ಕೂಡುವ, ಕೊರಳಿಗೆ ಗಂಟಿಲ್ಲದ ಏಪ್ರನ್. ಜಾರದ ಅಟ್ಟೆಯ, ಸುಲಭವಾಗಿ ಕಳಚಿಡಬಲ್ಲ ಚಪ್ಪಲಿ. ಗಂಡಸರಿಗೆ ಸಡಿಲವಾದ ಪ್ಯಾಂಟು, ಹೊರಗೆ ಬಿಟ್ಟ ಅರೆತೋಳಿನ ಅಂಗಿ. ಸೀರೆಯೇ ಇಷ್ಟವೆನ್ನುವವರು ನೆರಿಗೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಪ್ರನ್ ತೊಟ್ಟರೆ ಅದಕ್ಕೂ ಅಡ್ಡಿಯಿಲ್ಲ.

ಬಟ್ಟೆ ಎಂದೊಡನೆ ಶುದ್ಧ ಹತ್ತಿ ಎಂದು ಹೇಳಿಬಿಡುವುದು ವಾಡಿಕೆ. ಭದ್ರಾವತಿಯ ಏಪ್ರಿಲ್ ಬಿಸಿಲಿಗೆ ಅದು ನಿಜ. ಜಿಲ್ಲೆಯಲ್ಲಿಯೇ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಚರಕ ಸಂಸ್ಥೆಯ ಮಹಿಳೆಯರು 1990ರ ದಶಕದಿಂದ ಕೈಮಗ್ಗದ ಬಟ್ಟೆ ನೇಯ್ದು ನೈಸರ್ಗಿಕ ಬಣ್ಣದ ಉಡುಪು ಸಿದ್ಧಪಡಿಸುತ್ತಾ ಬಂದಿದ್ದಾರೆ. ಆದರೆ ದಿನವೂ ಒಗೆಯಬೇಕಾದ ದಪ್ಪ ಹತ್ತಿ ಜುಲೈ ಮಳೆಯಲ್ಲಿ ಮೂರು ದಿನವಾದರೂ ಒಣಗದು, ಮುಗ್ಗಲು ವಾಸನೆ ಹಿಡಿಯುತ್ತದೆ. ಮಳೆಗಾಲಕ್ಕೆ ತೆಳುವಾದ ಮಿಶ್ರ ನೂಲಿನ ಬಟ್ಟೆಯೇ ವಾಸಿ. ಚೀಲದಲ್ಲಿ ಒಂದು ಬದಲಿ ಜೊತೆಯೂ ಇರಬೇಕು.

ಆ ಬದಲಿ ಬಟ್ಟೆಯನ್ನು ಎಲ್ಲಿ ಬದಲಿಸಬೇಕು ಎಂಬಲ್ಲಿಂದ ಪಂಚಾಯಿತಿಯ ಹೊಣೆ ಆರಂಭವಾಗುತ್ತದೆ. ಚಿಲಕವಿರುವ ಬಾಗಿಲು, ಒಳಗೊಂದು ನಲ್ಲಿ, ಬಟ್ಟೆ ತೂಗಲು ಗೂಟ ಇವು ದೊಡ್ಡ ಖರ್ಚಿನ ಬಾಬತ್ತುಗಳಲ್ಲ. ಅಂಗವಿಕಲರ ಕಲ್ಯಾಣಕ್ಕೆ ಮೀಸಲಾದ ಸ್ವಂತ ಸಂಪನ್ಮೂಲದ ಶೇ 5ರಷ್ಟು ಹಣ ಅವರದೇ. ಅದನ್ನು ಶಿಕ್ಷಕರ ಬಟ್ಟೆಗೆ ಬಳಸುವುದು ಸರಿಯಲ್ಲ. ಉಡುಪಿನ ಕುರಿತ ಆಕ್ಷೇಪ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಬಂದರೆ, ಸದಸ್ಯರು ಉತ್ತರ ಕೊಡುವ ಮೊದಲು ಒಂದು ಪಾಠದ ಅವಧಿ ಮಗುವಿನ ಪಕ್ಕದಲ್ಲಿ ಕುಳಿತು ನೋಡುವುದು ಸೂಕ್ತ. ಗೃಹಾಧಾರಿತ ಶಿಕ್ಷಣ ಪಡೆಯುವ ಮಗುವಿನ ಮನೆಗೆ ಶಿಕ್ಷಕಿಯ ಭೇಟಿ ಯಾವ ದಿನವೆಂಬುದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಿಳಿದಿರುತ್ತದೆ. ಮನೆಯವರ ಒಪ್ಪಿಗೆ ಪಡೆದು ಅವರೊಡನೆ ಹೋಗಬಹುದು.

ಏಪ್ರನ್, ಕುರ್ತಾಗಳನ್ನು ಊರಿನಲ್ಲಿಯೇ ಹೊಲಿಸುವುದಾದರೆ ಹೊಲಿಗೆ ಬಲ್ಲ ಸಂಜೀವಿನಿ ಸ್ವಸಹಾಯ ಗುಂಪುಗಳಿಗೆ ಅದು ಒಳ್ಳೆಯ ಕೆಲಸ. ಟೈಲರಿಗೆ ಒಂದು ಸೂಚನೆ ಮಾತ್ರ ತಪ್ಪದೆ ತಿಳಿಸಬೇಕು: ಅಳತೆಯನ್ನು ಶಿಕ್ಷಕಿ ನಿಂತಾಗಲ್ಲದೆ, ಚಕ್ಕಳಮಕ್ಕಳ ಹಾಕಿ ಕುಳಿತು ಮುಂದಕ್ಕೆ ಬಗ್ಗಿದಾಗಲೂ ತೆಗೆದುಕೊಳ್ಳಬೇಕು. ಬೆನ್ನಿನ ಉದ್ದ ಮತ್ತು ಸೀಟಿನ ಸುತ್ತಳತೆ ಆಗ ಹೆಚ್ಚಾಗುತ್ತದೆ. ಹೊಲಿಗೆ ಬಿಡುವುದೂ ಅಲ್ಲಿಯೇ.